ತರಗತಿಯ ಗ್ರೂಪಿನಲ್ಲಿ ಸುಮ್ಮನೆ ನೋಡುತ್ತಿರುವ ಮಕ್ಕಳಿಗೊಂದು ಪಾಠ

ಪ್ರೌಢಶಾಲೆಯ ಒಂದು ತರಗತಿಗೆ ಸಾಮಾನ್ಯವಾಗಿ ಎರಡು ವಾಟ್ಸಾಪ್ ಗ್ರೂಪ್ ಇರುತ್ತವೆ. ಒಂದರಲ್ಲಿ ಕ್ಲಾಸ್ ಟೀಚರ್, ಪೋಷಕರು ಇರುತ್ತಾರೆ. ಹೋಮ್‌ವರ್ಕ್, ರಜೆ, ಪರೀಕ್ಷೆಯ ವೇಳಾಪಟ್ಟಿ ಅದರಲ್ಲಿ ಬರುತ್ತವೆ. ಇನ್ನೊಂದನ್ನು ಮಕ್ಕಳೇ ಮಾಡಿಕೊಂಡಿರುತ್ತಾರೆ. ಅಲ್ಲಿ ದೊಡ್ಡವರು ಯಾರೂ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಪಾಠವೆಲ್ಲ ಫೋನಿಗೆ ಬಂದಾಗ ಈ ಎರಡನೇ ಗ್ರೂಪು ಬೇರೂರಿತು. ಶಾಲೆ ತೆರೆದ ಮೇಲೂ ಉಳಿಯಿತು. ಆನ್‌ಲೈನ್ ಶಿಸ್ತು ಎಂದು ಶಿಕ್ಷಕರಾದ ನಾವು ಹೇಳಿಕೊಡುವುದೆಲ್ಲ ಮೊದಲನೇ ಗ್ರೂಪಿಗೆ ಸರಿಹೊಂದುತ್ತದೆ. ಮಕ್ಕಳಿಗೆ ನೋವಾಗುವುದು ಎರಡನೆಯದರಲ್ಲಿ.

ಆ ಗ್ರೂಪಿನಲ್ಲಿ 40 ಮಕ್ಕಳಿದ್ದಾರೆ ಅಂದುಕೊಳ್ಳಿ. ಯಾರನ್ನೋ ಗೋಳು ಹೊಯ್ದುಕೊಳ್ಳುವವರು ಇಬ್ಬರೋ ಮೂವರೋ. ಅವರ ಕೈಗೆ ಸಿಕ್ಕವರು ಒಬ್ಬರು. ಉಳಿದ 35ಕ್ಕೂ ಹೆಚ್ಚು ಮಕ್ಕಳು ನೋಡುತ್ತಾರೆ. ಕೆಲವರು ನಗುವ ಇಮೋಜಿ ಒತ್ತುತ್ತಾರೆ, ಮಿಕ್ಕವರು ಸುಮ್ಮನಿರುತ್ತಾರೆ. ಶಾಲೆಗೆ ಬಂದು ಭಾಷಣ ಮಾಡುವವರು ಆ ಮೂವರಿಗೆ ‘ಜೈಲಾಗುತ್ತೆ’ ಅನ್ನುತ್ತಾರೆ, ಆ ಒಬ್ಬರಿಗೆ ‘ಧೈರ್ಯವಾಗಿ ಹೇಳಿ’ ಅನ್ನುತ್ತಾರೆ. ನಡುವಿನ 35 ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ. ಗ್ರೂಪಿನ ನಡವಳಿಕೆಯನ್ನು ಬದಲಿಸುವ ಶಕ್ತಿ ಇರುವುದು ಅವರಲ್ಲೇ. ಅವರಿಗೆ ಬೇಕಿರುವುದು ಕೈಗೆಟಕುವ ಕೆಲಸಗಳು, ಬಾಯಿಗೆ ಬರುವಂಥ ಮಾತುಗಳು.

ಮೊದಲು ಫೋನ್ ಯಾರದು ಎಂದು ತಿಳಿಯಿರಿ

ಪಾಠ ಶುರು ಮಾಡುವ ಮುಂಚಿನ ವಾರ ಹೆಸರು ಬರೆಯದ ಚೀಟಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ನೀನು ಬಳಸುವ ಫೋನ್ ಯಾರದು? ಯಾವ ಯಾವ ಆ್ಯಪ್ ಬಳಸುತ್ತೀಯ? ಖಾತೆ ತೆರೆಯುವಾಗ ಯಾವ ಹುಟ್ಟಿದ ವರ್ಷ ಹಾಕಿದ್ದೀಯ? ಏನಾದರೂ ಕೆಟ್ಟದ್ದು ಬಂದರೆ ಮೊದಲು ಯಾರಿಗೆ ಹೇಳುತ್ತೀಯ? ಎಲ್ಲರೂ ಒಂದೇ ಬಣ್ಣದ ಪೆನ್ನಿನಲ್ಲಿ ಬರೆಯಲಿ. ಚೀಟಿಗಳನ್ನು ನೀವೇ ಸಂಗ್ರಹಿಸಿ. ಮಾನಿಟರ್ ಕೈಗೆ ಕೊಟ್ಟರೆ ಅಕ್ಷರ ನೋಡಿ ಯಾರದೆಂದು ಗುರುತು ಹಿಡಿಯುತ್ತಾರೆ.

ಮೊದಲ ಪ್ರಶ್ನೆಯ ಉತ್ತರಕ್ಕೆ ತಕ್ಕಂತೆ ಪಾಠವೇ ಬದಲಾಗಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಹಳ ಮಕ್ಕಳ ಕೈಯಲ್ಲಿರುವುದು ಅಮ್ಮನ ಫೋನು ಅಥವಾ ಅಣ್ಣನ ಹಳೆಯ ಫೋನು. ಅಂದರೆ ಹುಡುಗ ಕಳಿಸಿದ ಮೆಸೇಜು ಅಮ್ಮನ ನಂಬರಿನಿಂದ ಹೋಗುತ್ತದೆ. ಹುಡುಗಿಗೆ ಗೆಳತಿ ಬರೆದ ಗುಟ್ಟನ್ನು ಚಿಕ್ಕಪ್ಪ ಓದುತ್ತಾರೆ. ಮಕ್ಕಳ ಗ್ರೂಪಿಗೆ ಸೇರಿದಾಗ ಅಮ್ಮನ ನಂಬರು 40 ಮನೆಗಳ ಫೋನಿಗೆ ಹೋಗಿ ಕೂರುತ್ತದೆ. ಹಂಚಿಕೊಂಡ ಫೋನಿನ ಮರ್ಯಾದೆಯೇ ಬೇರೆ, ಅದನ್ನು ಬಿಡಿಸಿ ಹೇಳಬೇಕು: ಗೆಳತಿಯ ಖಾಸಗಿ ಸಂಗತಿಯನ್ನು ಮನೆಯ ಫೋನಿಗೆ ಬರೆಯುವ ಮುಂಚೆ ‘ಫೋನ್ ನಿನ್ನ ಹತ್ರ ಇದೆಯಾ?’ ಎಂದು ಕೇಳುವುದು. ಅವಳು ‘ಹೂಂ’ ಅಂದ ಮೇಲೆ ಮಾತ್ರ ಮುಂದುವರಿಯುವುದು.

ಮೂರನೇ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ, ಆದರೆ ತೂಕ ಇರುವುದು. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ ವಯಸ್ಸು 13. ಇನ್‌ಸ್ಟಾಗ್ರಾಂ 18 ತುಂಬದವರ ಖಾತೆಯನ್ನು ಟೀನ್ ಅಕೌಂಟ್ ಎಂದು ಬೇರೆಯಾಗಿ ಇಡುತ್ತದೆ. ಅಂಥ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಅಪರಿಚಿತರು ಮೆಸೇಜ್ ಮಾಡುವುದಕ್ಕೆ ತಡೆಯಿರುತ್ತದೆ. ಹುಟ್ಟಿದ ವರ್ಷ 2000 ಎಂದು ಹಾಕಿದ ಹುಡುಗಿಗೆ ಈ ಯಾವ ರಕ್ಷಣೆಯೂ ಸಿಗುವುದಿಲ್ಲ. ಆ್ಯಪಿನ ಕಣ್ಣಿಗೆ ಅವಳು ದೊಡ್ಡವಳು. ‘ಸುಳ್ಳು ಹೇಳಿದೆ’ ಎಂದು ಬೈಯದೆ, ಈ ಕಾರಣ ಹೇಳಿ ಸರಿಯಾದ ವರ್ಷ ಹಾಕಿಸಿ.

ಕಾಗದದ ಮೇಲೊಂದು ಗ್ರೂಪ್

ಫೋನಿಲ್ಲದೆಯೂ ಈ ಪಾಠ ಮಾಡಬಹುದು, ಹಾಗೆ ಮಾಡುವುದೇ ಒಳ್ಳೆಯದು. 40 ನಿಮಿಷದ ಒಂದು ಪೀರಿಯಡ್, ಆರಾರು ಮಕ್ಕಳ ಗುಂಪು, ಗುಂಪಿಗೊಂದು ಹಳೆಯ ಕ್ಯಾಲೆಂಡರ್ ಹಾಳೆ, ಎರಡು ಬಣ್ಣದ ಸ್ಕೆಚ್ ಪೆನ್ ಸಾಕು. ಹಾಳೆಯ ಹಿಂಬದಿಯಲ್ಲಿ ಮೇಲೆ ಹೀಗೆ ಬರೆದುಕೊಡಿ: ‘ರಾತ್ರಿ 9:10. ಕ್ರೀಡಾಕೂಟದಲ್ಲಿ ಓಡುವಾಗ ಮುಗ್ಗರಿಸಿ ಬಿದ್ದ ಹುಡುಗನ ಫೋಟೋ ಸ್ಟಿಕರ್ ಆಗಿ ಗ್ರೂಪಿಗೆ ಬಿದ್ದಿದೆ.’ ಹುಡುಗನಿಗೆ ಹೆಸರು ಬೇಡ, ‘ಹುಡುಗ’ ಅಷ್ಟೇ. ಮಕ್ಕಳು ಹಾಳೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಇಂಥ ಹೊತ್ತಿನಲ್ಲಿ ಗ್ರೂಪಿನಲ್ಲಿ ಸಾಮಾನ್ಯವಾಗಿ ಏನು ಬರುತ್ತದೋ ಅದನ್ನು ಒಂದೊಂದು ಸಾಲು ಬರೆಯಬೇಕು. ಎರಡು ಸುತ್ತು, ಹನ್ನೆರಡು ಮೆಸೇಜ್, ಹತ್ತು ನಿಮಿಷ.

ಇಲ್ಲಿ ಪ್ರಶ್ನೆಯನ್ನು ಕೇಳುವ ಬಗೆ ತಪ್ಪಿದರೆ ಪೀರಿಯಡ್ಡೇ ಹಾಳು. ‘ನೀನಾಗಿದ್ದರೆ ಏನು ಬರೀತಿದ್ದೆ?’ ಎಂದು ಕೇಳಿದರೆ ಎಲ್ಲರೂ ‘ಹಾಗೆ ಮಾಡುವುದು ತಪ್ಪು’ ಎಂದು ಮೇಷ್ಟ್ರಿಗೆ ಬೇಕಾದ ಉತ್ತರ ಬರೆಯುತ್ತಾರೆ. ‘ಸಾಮಾನ್ಯವಾಗಿ ಏನು ಬರುತ್ತೆ?’ ಎಂದು ಕೇಳಿದರೆ ನಿಜ ಬರುತ್ತದೆ: ನಗುವ ಇಮೋಜಿಗಳ ಸಾಲು, ‘ಮಚ್ಚಾ ಸೂಪರ್’, ಇನ್ನೊಂದು ಸ್ಟಿಕರ್. ಬೈಗುಳ ಬರುವಲ್ಲಿ ಮೊದಲ ಅಕ್ಷರ ಬರೆದು ಚುಕ್ಕೆ ಇಡಲು ಹೇಳಿ.

ಆಮೇಲೆ ಮಕ್ಕಳೇ ಎಣಿಸಲಿ. ಹನ್ನೆರಡರಲ್ಲಿ ನಕ್ಕವು ಎಷ್ಟು, ಇನ್ನಷ್ಟು ತುಪ್ಪ ಸುರಿದವು ಎಷ್ಟು, ನಿಲ್ಲಿಸಿ ಅಂದವು ಎಷ್ಟು? ಬಿದ್ದ ಹುಡುಗನ ಕುರಿತು ಒಂದಾದರೂ ಇದೆಯೇ? ಹತ್ತು ನಿಮಿಷ ಇದಕ್ಕೇ ಬಿಡಿ, ಅವಸರ ಬೇಡ. ಸ್ಟಿಕರ್ ಹಾಕಿದವನಿಗೆ ಬೇಕಾಗಿದ್ದು ಆ ನಗುವ ಇಮೋಜಿಗಳೇ, ಅವನ್ನು ಕೊಟ್ಟಿದ್ದು ‘ನಾನೇನೂ ಮಾಡಿಲ್ಲ’ ಅನ್ನುವ ಮಕ್ಕಳೇ, ಅನ್ನುವುದು ಹಾಳೆ ನೋಡುತ್ತಿದ್ದಂತೆ ಅವರಿಗೇ ಹೊಳೆಯುತ್ತದೆ. ನೀವು ಹೇಳುವುದಕ್ಕಿಂತ ಅವರು ಎಣಿಸಿ ಕಂಡುಕೊಂಡದ್ದು ಹೆಚ್ಚು ನಿಲ್ಲುತ್ತದೆ.

ಎರಡು ಎಚ್ಚರಿಕೆ. ತರಗತಿಯಲ್ಲಿ ಹಿಂದೆ ನಿಜವಾಗಿ ನಡೆದ ಘಟನೆಗೆ ಹತ್ತಿರವಾದ ಸಂದರ್ಭವನ್ನು ಕೊಡಬೇಡಿ. ಕೊಟ್ಟ ಕ್ಷಣವೇ 40 ತಲೆಗಳು ಒಂದು ಬೆಂಚಿನ ಕಡೆ ತಿರುಗುತ್ತವೆ, ಆ ಮಗುವಿಗೆ ಎರಡನೇ ಸಲ ಅದೇ ಅವಮಾನ. ಕಳೆದ ತಿಂಗಳು ಸ್ಟಿಕರ್ ಗಲಾಟೆ ಆಗಿದ್ದರೆ ಹಾಳೆಯಲ್ಲಿ ಸ್ಟಿಕರ್ ಬದಲು ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಇರಲಿ. ಇನ್ನೊಂದು, ನಾಟಕದಂತೆ ಒಬ್ಬನನ್ನು ನಿಲ್ಲಿಸಿ ‘ನೀನು ಕಾಡುವವನು, ನೀನು ಕಾಡಿಸಿಕೊಳ್ಳುವವನು’ ಎಂದು ಪಾತ್ರ ಹಂಚಬೇಡಿ. ಆ ಪಾತ್ರದ ಹೆಸರೇ ಅಡ್ಡಹೆಸರಾಗಿ ವರ್ಷವಿಡೀ ಅಂಟಿಕೊಳ್ಳುತ್ತದೆ.

ನೋಡುವವರು ಮಾಡಬಹುದಾದ ಕೆಲಸಗಳು

ಎಣಿಕೆ ಮುಗಿದ ಮೇಲೆ ಪೆನ್ನಿನ ಬಣ್ಣ ಬದಲಿಸಿ ಹಾಳೆಯನ್ನು ಮತ್ತೆ ದಾಟಿಸಿ. ಈಗ ಮಕ್ಕಳು ಅದೇ ಮಾತುಕತೆಯ ನಡುವೆ ಎಲ್ಲಿ, ಯಾವ ಮೆಸೇಜ್ ಬಂದಿದ್ದರೆ ದಿಕ್ಕು ಬದಲಾಗುತ್ತಿತ್ತು ಎಂದು ಗುರುತು ಮಾಡಿ ಬರೆಯಬೇಕು. ಇಲ್ಲಿ ಅವರಿಗೆ ಮಾತು ಸಿಗುವುದಿಲ್ಲ. 13 ವರ್ಷದ ಹುಡುಗ 40 ಜನರ ಎದುರು ‘ಇದು ತಪ್ಪು’ ಎಂದು ಬರೆದರೆ ಮುಂದಿನ ಸ್ಟಿಕರ್ ಅವನದೇ. ಆ ಧೈರ್ಯವನ್ನು ಎಲ್ಲರಿಂದ ಬಯಸುವುದು ನ್ಯಾಯವಲ್ಲ. ಅದಕ್ಕೇ ಸುಲಭದ್ದರಿಂದ ಕಷ್ಟದ್ದರ ಕಡೆಗೆ ಕರೆದೊಯ್ಯಿರಿ.

ಎಲ್ಲಕ್ಕಿಂತ ಸುಲಭದ್ದು ಇಮೋಜಿ ಒತ್ತದಿರುವುದು. ನಗು ಬಂದರೂ ಒತ್ತಬೇಡ, ಅಷ್ಟೇ. ಅದರ ಮುಂದಿನದು ವಿಷಯ ಬದಲಿಸುವುದು: ‘ನಾಳೆ ಸೈನ್ಸ್ ರೆಕಾರ್ಡ್ ಕೊಡ್ಬೇಕಾ?’ ಎಂದು ಯಾರಾದರೂ ಕೇಳಿ, ಇನ್ನಿಬ್ಬರು ಅದಕ್ಕೆ ಉತ್ತರ ಕೊಟ್ಟರೆ ಸ್ಟಿಕರ್ ಮೇಲೆ ಹೋಗಿಬಿಡುತ್ತದೆ. ಯಾರನ್ನೂ ಎದುರು ಹಾಕಿಕೊಳ್ಳದೆ ಆಗುವ ಕೆಲಸ ಇದು. ಇಬ್ಬರು ಗೆಳೆಯರು ಮೊದಲೇ ಮಾತಾಡಿಕೊಂಡಿದ್ದರೆ ಇನ್ನೂ ಸುಲಭ.

ಮೂರನೆಯದಕ್ಕೆ ನಾವು ಅತಿ ಹೆಚ್ಚು ಸಮಯ ಕೊಡಬೇಕು. ಬಿದ್ದ ಹುಡುಗನಿಗೆ ಖಾಸಗಿಯಾಗಿ ಒಂದು ಮೆಸೇಜ್. ‘ಗ್ರೂಪಲ್ಲಿ ಹಾಕಿದ್ದು ನೋಡ್ದೆ. ನಂಗೆ ಇಷ್ಟ ಆಗ್ಲಿಲ್ಲ. ನಾಳೆ ಬಾ, ಜೊತೆಗೆ ಕೂರೋಣ.’ ಇಂಥ ಸಾಲುಗಳನ್ನು ಮಕ್ಕಳು ತಮ್ಮ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಧಾರವಾಡದ ಕಡೆಯವರು ಅವರ ಮಾತಿನಲ್ಲಿ, ಮಂಗಳೂರಿನ ಕಡೆಯವರು ಅವರ ಮಾತಿನಲ್ಲಿ. ಕಾಡಿಸಿಕೊಂಡ ಮಗು ರಾತ್ರಿಯಿಡೀ ಯೋಚಿಸುವುದು ‘ಎಲ್ಲರೂ ನನ್ನ ವಿರುದ್ಧ’ ಎಂದು. ಒಬ್ಬರ ಒಂದು ಮೆಸೇಜು ಆ ‘ಎಲ್ಲರೂ’ ಅನ್ನುವುದನ್ನು ಒಡೆಯುತ್ತದೆ. ಮಾರನೇ ದಿನ ಆ ಮಗು ಶಾಲೆಗೆ ಬರುವುದೋ ಹೊಟ್ಟೆನೋವೆಂದು ಮನೆಯಲ್ಲುಳಿಯುವುದೋ ಇಂಥ ಒಂದು ಮೆಸೇಜಿನ ಮೇಲೆ ನಿಂತಿರಬಹುದು.

ಇನ್ನೂ ಸ್ವಲ್ಪ ಕಷ್ಟದ್ದು, ಹಾಕಿದವನಿಗೆ ಹೇಳುವುದು. ಇದೂ ಖಾಸಗಿಯಾಗಿಯೇ: ‘ಲೋ, ಅದು ತೆಗಿಯೋ. ಅವ್ನಿಗೆ ಬೇಜಾರಾಗಿದೆ.’ ಗ್ರೂಪಿನಲ್ಲೇ ಹೇಳಿದರೆ ಎಲ್ಲರೆದುರು ಸೋತಂತಾಗುತ್ತದೆಂದು ಅವನು ಹಟ ಹಿಡಿಯುತ್ತಾನೆ. ಖಾಸಗಿಯಾಗಿ ಹೇಳಿದರೆ ಸದ್ದಿಲ್ಲದೆ ತೆಗೆಯಲು ದಾರಿ ಇರುತ್ತದೆ. ಅವನಿಗೆ ಹತ್ತಿರದ ಗೆಳೆಯನೇ ಹೇಳಬೇಕು, ತರಗತಿಯ ಮೊದಲ ರ‍್ಯಾಂಕಿನವನಲ್ಲ.

ಅಡ್ಮಿನ್ ಆದ ವಿದ್ಯಾರ್ಥಿಗೆ ಒಂದು ಹೆಚ್ಚಿನ ಅಧಿಕಾರವಿದೆ: ಯಾರದೇ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಬಹುದು. ಇದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಮೆಸೇಜನ್ನು ಒತ್ತಿ ಹಿಡಿದು ಡಿಲೀಟ್ ಒತ್ತಿದರೆ ಎಲ್ಲರಿಗೂ ಅಳಿಸುವ ಆಯ್ಕೆ ಬರುತ್ತದೆ. ಹಾಗೆಯೇ ‘ಅಡ್ಮಿನ್‌ಗೆ ಜೈಲು’ ಎಂದು ಮಕ್ಕಳನ್ನು ಹೆದರಿಸುವುದನ್ನು ನಿಲ್ಲಿಸಬೇಕು. ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಬೇರೆಯವರ ಪೋಸ್ಟಿಗೆ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹೆದರಿಸಿದರೆ ಒಳ್ಳೆಯ ಮಕ್ಕಳು ಅಡ್ಮಿನ್ ಕೆಲಸ ಬಿಟ್ಟು ಹೋಗುತ್ತಾರೆ, ಪುಂಡರು ಉಳಿಯುತ್ತಾರೆ. ಗ್ರೂಪಿಗೆ ಸೇರುವ ಲಿಂಕ್ ಹೊರಗೆ ಹೋಗಿದ್ದರೆ ಅದನ್ನು ರೀಸೆಟ್ ಮಾಡುವುದನ್ನೂ, ಹೊಸಬರು ಅಡ್ಮಿನ್ ಒಪ್ಪಿದ ಮೇಲೆ ಮಾತ್ರ ಸೇರುವಂತೆ ಇಡುವುದನ್ನೂ ಹೇಳಿಕೊಡಿ. ಲಿಂಕ್ ಸಿಕ್ಕ ಬೇರೆ ಊರಿನ ಹುಡುಗ ಒಳಗೆ ಬಂದರೆ ಗ್ರೂಪಿನ ಹೆಣ್ಣುಮಕ್ಕಳ ನಂಬರೆಲ್ಲ ಅವನಿಗೆ ಕಾಣುತ್ತವೆ.

ಅಳಿಸಿದ್ದು ಅಳಿಸಿಹೋಗುವುದಿಲ್ಲ

‘ಡಿಲೀಟ್ ಮಾಡ್ದೆ ಸಾರ್’ ಅನ್ನುವ ಮಾತಿನ ಹಿಂದೆ ಮಕ್ಕಳಿಗೆ ನಿಜವಾದ ನಂಬಿಕೆ ಇದೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಆ ನಂಬಿಕೆ ತಾನಾಗಿ ಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲಾವಕಾಶವಿದೆ, ತಿದ್ದಲು 15 ನಿಮಿಷ. ಆದರೆ ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಅಳಿಯುವುದಿಲ್ಲ. ಸ್ಟಿಕರನ್ನು ಫೇವರಿಟ್‌ಗೆ ಸೇರಿಸಿಕೊಂಡಿದ್ದರೆ ಅದು ಅವರ ಫೋನಿನಲ್ಲೇ ಉಳಿಯುತ್ತದೆ, ಮುಂದಿನ ವರ್ಷ ಹುಟ್ಟುಹಬ್ಬದ ದಿನ ಮತ್ತೆ ಬರುತ್ತದೆ. ಸಾಮಾನ್ಯ ಚಾಟಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಎದುರಿನವರಿಗೆ ಗೊತ್ತಾಗುವುದಿಲ್ಲ. ಒಂದೇ ಸಲ ನೋಡುವಂತೆ ಕಳಿಸುವ ಫೋಟೋಗೆ ಸ್ಕ್ರೀನ್‌ಶಾಟ್ ತಡೆ ಇದೆ. ಆದರೆ ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಫೋಟೋ ತೆಗೆಯುವುದನ್ನು ಯಾವ ಆ್ಯಪೂ ತಡೆಯಲಾರದು.

ಇದನ್ನೆಲ್ಲ ಹೇಳಿದ ಮೇಲೆ ಕ್ಷಮೆ ಕೇಳುವುದನ್ನು ಕಲಿಸಲು ಅರ್ಥ ಬರುತ್ತದೆ. ಕ್ರಮ ಹೀಗೆ: ಮೊದಲು ಹಾಕಿದ್ದನ್ನು ಎಲ್ಲರಿಗೂ ಅಳಿಸುವುದು. ಆಮೇಲೆ ಗ್ರೂಪಿನಲ್ಲೇ, ಸ್ಟಿಕರ್ ಏನಿತ್ತು ಎಂದು ಮತ್ತೆ ವರ್ಣಿಸದೆ, ‘ನಾನು ಹಾಕಿದ್ದು ತಪ್ಪು, ಸೇವ್ ಮಾಡ್ಕೊಂಡಿರೋರು ತೆಗೀರಿ’ ಎಂದು ಬರೆಯುವುದು. ಕೊನೆಗೆ ಆ ಹುಡುಗನಿಗೆ ನೇರವಾಗಿ ಹೇಳುವುದು. ‘ಬೇಜಾರಾಗಿದ್ರೆ ಸಾರಿ’ ಅನ್ನುವುದು ಕ್ಷಮೆಯಲ್ಲ, ತಪ್ಪನ್ನು ಅವನ ಬೇಜಾರಿನ ಮೇಲೆ ಹಾಕಿದಂತೆ. ‘ನಿನ್ನ ಫೋಟೋ ನಾನು ಹಾಗೆ ಮಾಡಬಾರದಿತ್ತು’ ಎಂದರೆ ಮಾಡಿದ್ದು ಯಾರು ಎಂದು ಸ್ಪಷ್ಟ. ಪ್ರಾರ್ಥನೆಯ ಹೊತ್ತಿನಲ್ಲಿ ಮೈಕ್ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸುವುದು ಬೇಡ. ಅದರಿಂದ ಇಡೀ ಶಾಲೆಗೆ ಸ್ಟಿಕರ್ ವಿಷಯ ಗೊತ್ತಾಗುತ್ತದೆ, ಅಷ್ಟೇ. ಕ್ಷಮಿಸುವುದು, ಬಿಡುವುದು ನೋವುಂಡವನ ಇಷ್ಟ. ಕೈ ಕುಲುಕಿಸಿ ‘ಮುಗೀತು’ ಅನ್ನಬಾರದು.

ತಮಾಷೆ ಎಲ್ಲಿಗೆ ನಿಲ್ಲಬೇಕು

ಮಕ್ಕಳು ಒಬ್ಬರನ್ನೊಬ್ಬರು ರೇಗಿಸಬಾರದು ಎಂದು ಯಾರೂ ಹೇಳಬಾರದು. ರೇಗಿಸುವುದರಲ್ಲಿ ಸಲುಗೆ ಇರುತ್ತದೆ. ಹೇಳಿಕೊಡಬೇಕಾದ್ದು ಇಷ್ಟು: ಬದಲಿಸಿಕೊಳ್ಳಲಾಗದ್ದರ ಮೇಲೆ ತಮಾಷೆ ಬೇಡ. ಮೈಬಣ್ಣ, ದಪ್ಪ, ತೊದಲು, ಅಪ್ಪನ ಕಸುಬು, ಜಾತಿ, ಧರ್ಮ, ಊರಿನ ಮಾತು. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಅವಮಾನಿಸುವುದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ ಎಂಬುದನ್ನು ಹತ್ತನೇ ತರಗತಿಯವರಿಗೆ ಹೇಳಲೇಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವಾಗ ಧ್ವನಿಯ ಏರಿಳಿತ ಇರುವುದಿಲ್ಲ. ಬಾಯಲ್ಲಿ ಪ್ರೀತಿಯ ‘ಹೋಗೋ’ ಸ್ಕ್ರೀನಿನಲ್ಲಿ ಬೈಗುಳದಂತೆ ಓದಿಸಿಕೊಳ್ಳುತ್ತದೆ. ಸಂಶಯ ಬಂದರೆ ಟೈಪ್ ಮಾಡುವ ಬದಲು ವಾಯ್ಸ್ ಮೆಸೇಜ್ ಕಳಿಸು ಎನ್ನಿ. ಇನ್ನು ಫ್ರೀ ಫೈರ್, ಬಿಜಿಎಂಐನಂಥ ಮೊಬೈಲ್ ಗೇಮ್ ಆಡುವಾಗ ಮೈಕಿನಲ್ಲಿ ಹೋಗುವ ಬೈಗುಳಕ್ಕೆ ಪಾಠ ಬೇಕಿಲ್ಲ, ಎದುರಾಳಿ ಆರನೇ ತರಗತಿಯ ಹುಡುಗನಿರಬಹುದು ಎಂದು ನೆನಪಿಸಿದರೆ ಸಾಕು.

ಎರಡು ಬಾಣದ ಗುರುತು

ಗೌರವದ ಪಾಠದಲ್ಲಿ ಫಾರ್ವರ್ಡ್ ಯಾಕೆ ಬಂತು ಎಂದರೆ, ನಮಗೆ ಗೊತ್ತಿಲ್ಲದವರ ಮೇಲೂ ನಮ್ಮ ಫೋನಿನಿಂದ ಕಲ್ಲು ಬೀಳುತ್ತದೆ. ಕರ್ನಾಟಕದ ಮಕ್ಕಳಿಗೆ ಇದಕ್ಕೆ ಹೊರಗಿನ ಉದಾಹರಣೆ ಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ದಾಳಿ ನಡೆಯುತ್ತದೆ ಎಂಬ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸದಂತೆ 15 ದಿನ ತಡೆ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದಕ್ಕೆ ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಗುಂಪಿನ ಕೈಯಲ್ಲಿ ಸತ್ತರು.

ಆ ವರ್ಷ ದೇಶವಿಡೀ ಓಡಾಡಿದ ವಿಡಿಯೋ ಒಂದರ ಕಥೆ ತರಗತಿಗೆ ಹೇಳಲು ಯೋಗ್ಯ. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲು ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ತಯಾರಿಸಿದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಯಬಿಟ್ಟರು. ಈ ಒಂದೇ ಉದಾಹರಣೆಯಿಂದ ಮಕ್ಕಳು ಕೇಳಬೇಕಾದ ಪ್ರಶ್ನೆಗಳೆಲ್ಲ ಹುಟ್ಟುತ್ತವೆ: ಇದು ಎಲ್ಲಿಯದು, ಯಾವಾಗಿನದು, ಇದರ ಮುಂಚೆ ಮತ್ತು ಆಮೇಲೆ ಏನಿತ್ತು, ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿದೆ, ಗಾಡಿಯ ನಂಬರ್ ಪ್ಲೇಟ್ ಎಲ್ಲಿಯದು. ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕುವುದು ಎರಡು ನಿಮಿಷದ ಕೆಲಸ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ, ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿಲ್ಲ. ಅಂಥದ್ದನ್ನು ವಾಟ್ಸಾಪ್ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಬಿಡುತ್ತದೆ.

ಮನೆಯ ಗ್ರೂಪಿನಲ್ಲಿ ಅಜ್ಜನೇ ಸುಳ್ಳು ಸುದ್ದಿ ಹಾಕಿದರೆ? ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಇದು. ದೊಡ್ಡವರನ್ನು ನೆಂಟರೆದುರು ತಿದ್ದಬಾರದು, ಬಿಡಲೂಬಾರದು. ಫೋನ್ ಮಾಡಿ ಅಥವಾ ಪಕ್ಕದಲ್ಲಿ ಕೂತು ‘ಅಜ್ಜ, ಇದು ಹಳೇ ವಿಡಿಯೋ ಅಂತೆ, ಬೇರೆ ಊರಿಂದು. ಅಳಿಸಿಕೊಡ್ಲಾ?’ ಎಂದು ಕೇಳಿದರೆ ಬಹಳಷ್ಟು ಅಜ್ಜಂದಿರು ಫೋನನ್ನೇ ಕೈಗೆ ಕೊಡುತ್ತಾರೆ.

ದೊಡ್ಡ ಕೇಡು ಬಂದಾಗ ಮೊದಲ ಗಂಟೆ

ಹುಡುಗಿಯ ಖಾಸಗಿ ಫೋಟೋ ಹರಿದಾಡುತ್ತಿದೆ, ಅಥವಾ ಅವಳ ಮುಖವನ್ನು ಎಐ ಆ್ಯಪಿನಲ್ಲಿ ಬೆತ್ತಲೆ ದೇಹಕ್ಕೆ ಅಂಟಿಸಿದ್ದಾರೆ, ಅಥವಾ ಹುಡುಗನಿಗೆ ಯಾರೋ ವಿಡಿಯೋ ಕಾಲ್ ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳುತ್ತಿದ್ದಾರೆ. ಇದು ಗ್ರೂಪಿನ ಶಿಷ್ಟಾಚಾರದ ಮಾತಲ್ಲ, ಅಪರಾಧ. ಇಲ್ಲಿ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ತಪ್ಪು ಹೆಜ್ಜೆ ಇಡುತ್ತಾರೆ.

‘ನನಗೆ ಕಳಿಸು, ನೋಡ್ತೀನಿ’ ಅನ್ನುವುದು ಮೊದಲನೇ ತಪ್ಪು. 18 ತುಂಬದವರ ಅಶ್ಲೀಲ ಚಿತ್ರವನ್ನು ಹಂಚುವುದಷ್ಟೇ ಅಲ್ಲ, ಡೌನ್‌ಲೋಡ್ ಮಾಡುವುದು, ಸಂಗ್ರಹಿಸುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಅಡಿ ಅಪರಾಧ; ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಳ್ಳುವುದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಅಡಿ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಚಿತ್ರ ಬೇಡ. ಕಾಗದದ ಮೇಲೆ ಬರೆದುಕೊಳ್ಳಿ: ಯಾವ ಆ್ಯಪ್, ಖಾತೆಯ ಹೆಸರು ಅಕ್ಷರ ಬಿಡದೆ, ಪ್ರೊಫೈಲಿನ ಲಿಂಕ್, ಫೋನ್ ನಂಬರ್, ದಿನಾಂಕ, ಸಮಯ, ಯಾರು ಹೇಳಿದರು. ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ಮಗುವಿನ ಅಥವಾ ಪೋಷಕರ ಫೋನಿನಲ್ಲೇ ಇರಲಿ. ಇದೆಲ್ಲ ಬರೆದಾದ ಮೇಲೆ ಬ್ಲಾಕ್ ಮಾಡಲಿ. ಮೊದಲೇ ಖಾತೆ ಅಳಿಸಿದರೆ ಪೊಲೀಸರಿಗೆ ಹುಡುಕಲು ಏನೂ ಉಳಿಯುವುದಿಲ್ಲ. ದುಡ್ಡು ಕೊಡಬಾರದು, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ವಿಷಯ ತಿಳಿದ ಮೇಲೆ ಮುಚ್ಚಿಡಲು ಶಾಲೆಗೆ ಅಧಿಕಾರವಿಲ್ಲ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಿಳಿಸದಿದ್ದರೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಎರಡೂ ಮನೆಯವರನ್ನು ಕರೆಸಿ ರಾಜಿ ಮಾಡಿಸುವುದು ಈ ಪ್ರಕರಣಗಳಲ್ಲಿ ಸಲ್ಲದು. ತಿಳಿಸಬೇಕಾದ್ದು ಇಲ್ಲಿಗೆ: ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ, ಮಕ್ಕಳ ಸಹಾಯವಾಣಿ 1098, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. 18ರೊಳಗಿನವರ ಚಿತ್ರ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಿದೆ. ಅದಕ್ಕೆ ಚಿತ್ರವನ್ನು ಕಳಿಸಬೇಕಿಲ್ಲ. ಫೋನಿನಲ್ಲೇ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗಿ, ಅದು ಮಾತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಜಾಲತಾಣಗಳಿಗೆ ಹೋಗುತ್ತದೆ. ಮಗು ಊಟ, ನಿದ್ದೆ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡುತ್ತಾರೆ. ಸ್ಟಾಫ್ ರೂಮಿನಲ್ಲಿ ಆ ಮಗುವಿನ ಹೆಸರು ಬರಲೇಬಾರದು.

ನಮ್ಮ ಗ್ರೂಪ್ ಹೇಗಿದೆ

ಮಕ್ಕಳು ಶಿಷ್ಟಾಚಾರ ಕಲಿಯುವುದು ಶಿಕ್ಷಕರೇ ನಡೆಸುವ ಮೊದಲನೇ ಗ್ರೂಪನ್ನು ನೋಡಿ. ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಹೆಸರು ಸಮೇತ ಹಾಕುವುದು, ಶುಲ್ಕ ಬಾಕಿ ಇರುವವರ ಪಟ್ಟಿ ಹಾಕುವುದು, ಹೋಮ್‌ವರ್ಕ್ ಮಾಡದೆ ನಿಂತವರ ಫೋಟೋ ಹಾಕುವುದು ಇವತ್ತಿಗೂ ನಡೆಯುತ್ತಿದೆ. ಅಪ್ಪ ಅಮ್ಮಂದಿರ ಎದುರು ಮಗುವಿನ ಮಾನ ಹರಾಜು ಹಾಕಿದ ಮೇಲೆ ಸ್ಟಿಕರ್ ತಪ್ಪೆಂದು ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ. ಅಂಕವನ್ನು ಆಯಾ ಪೋಷಕರಿಗೆ ಮಾತ್ರ ಕಳಿಸಿ. ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಇಟ್ಟು, ಸಂದೇಹಗಳಿಗೆ ಸಂಜೆ ಒಂದು ಗಂಟೆ ತೆರೆಯಿರಿ. ರಾತ್ರಿ 8ರ ಮೇಲೆ ಏನೂ ಬೇಡ. ಶಾಲೆಯ ಫೇಸ್‌ಬುಕ್ ಪುಟಕ್ಕೆ ಫೋಟೋ ಹಾಕುವಾಗ ಮುಖ, ಪೂರ್ತಿ ಹೆಸರು, ತರಗತಿ ಮೂರೂ ಒಟ್ಟಿಗೆ ಇರದಂತೆ ನೋಡಿ, ಪೋಷಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನ ಎಲ್ಲರೂ ಮಕ್ಕಳೇ. ಮಕ್ಕಳನ್ನೂ ಕೇಳಿ. ‘ಬೇಡ’ ಅನ್ನಲು ಒಂದು ಮಗುವಿಗೆ ನಿಮ್ಮಿಂದಲೇ ಅವಕಾಶ ಸಿಕ್ಕರೆ, ಗೆಳೆಯನ ಫೋಟೋ ತೆಗೆಯುವಾಗ ಅದೂ ಕೇಳುತ್ತದೆ.

ಮನೆಯವರ ಜೊತೆ ಒಂದು ಮಾತು

ಚೀಟಿಯ ನಾಲ್ಕನೇ ಪ್ರಶ್ನೆಗೆ ಬಹಳ ಮಕ್ಕಳು ‘ಯಾರಿಗೂ ಇಲ್ಲ’ ಎಂದೋ ‘ಫ್ರೆಂಡ್‌ಗೆ’ ಎಂದೋ ಬರೆದಿದ್ದರೆ ಆಶ್ಚರ್ಯಪಡಬೇಡಿ. ಹೇಳಿದರೆ ಹುಡುಗನ ಫೋನ್ ಹೋಗುತ್ತದೆ. ಹುಡುಗಿಯ ಓದೇ ಹೋಗಬಹುದು. ‘ಇನ್ನು ಶಾಲೆಗೆ ಬೇಡ, ಗಂಡು ನೋಡೋಣ’ ಅನ್ನುವ ಮನೆಗಳು ಇವೆ, ಅದು ಅವಳಿಗೆ ಚೆನ್ನಾಗಿ ಗೊತ್ತು. ಈ ಹೆದರಿಕೆ ಇರುವವರೆಗೆ ‘ದೊಡ್ಡವರಿಗೆ ಹೇಳಿ’ ಎಂಬ ಸಲಹೆ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಮಕ್ಕಳಿಗೆ ಆ ಮಾತು ಹೇಳುವ ಮುಂಚೆ ಪೋಷಕರ ಸಭೆ ಕರೆಯಿರಿ. ಕೂಲಿಗೆ ಹೋಗುವವರೂ ಬರುವಂತೆ ಸಂಜೆ 6ರ ಮೇಲೆ ಅಥವಾ ಊರಿನ ಸಂತೆಯಿಲ್ಲದ ಭಾನುವಾರ ಇರಲಿ. ಅರ್ಧ ಗಂಟೆ ಸಾಕು, ಕಾನೂನಿನ ಭಾಷಣ ಬೇಡ. ಕೇಳಬೇಕಾದ್ದು ಒಂದೇ: ಮಗು ತಾನಾಗಿ ಬಂದು ಹೇಳಿದರೆ ಆ ದಿನ ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂಬ ಒಪ್ಪಿಗೆ. ಅದನ್ನು ಒಂದು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಓದಲು ಬಾರದವರಿಗೆ ಓದಿ ಹೇಳಿ, ಮಗುವಿನ ಎದುರೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಮಗುವಿನ ಕೈಗೇ ಕೊಡಿ.

ಆ ಪುಟದ ಕೆಳಗೆ ಶಾಲೆಯಲ್ಲಿ ಯಾರ ಬಳಿ ಹೇಳಬಹುದು ಎಂದು ಇಬ್ಬರ ಹೆಸರಿರಲಿ, ಒಬ್ಬರು ಮಹಿಳೆ. ಅವರು ಯಾವ ಪೀರಿಯಡ್ ಬಿಡುವಾಗಿರುತ್ತಾರೆ, ಎಲ್ಲಿ ಕೂತಿರುತ್ತಾರೆ ಅನ್ನುವುದೂ ಇರಲಿ. ಆ ಜಾಗ ಸ್ಟಾಫ್ ರೂಮ್ ಆಗದಿದ್ದರೆ ಒಳ್ಳೆಯದು; ಗ್ರಂಥಾಲಯವೋ ಲ್ಯಾಬೋ ಆದರೆ ಮಗು ಬಂದುಹೋಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ವರ್ಗಾವಣೆಯಾದರೆ ಅದೇ ವಾರ ಹೊಸ ಹೆಸರು ಹಾಕಿ, ತರಗತಿ ತರಗತಿಗೆ ಹೋಗಿ ತಿಳಿಸಿ.